ಪದಬಂಧದ ಮೇಲೊಂದು ಚೈನು

ಸವೆದ ಸೈಕಲ್ ಚೈನಿಗೆ ಒಂದು ಸಮಯಪ್ರಜ್ಞೆ ಇರುತ್ತದೆ. ಖಾಲಿ ರಸ್ತೆಯಲ್ಲಿ, ಸಪಾಟು ದಾರಿಯಲ್ಲಿ, ಯಾರೂ ನೋಡದಿರುವಾಗ ಅದು ಅಪ್ಪಿತಪ್ಪಿಯೂ ಜಾರುವುದಿಲ್ಲ. ಸಿಗ್ನಲ್ ಹಸಿರಾಗಬೇಕು, ಹಿಂದಿನ ಹಾರನ್ನುಗಳೆಲ್ಲ ಒಟ್ಟಿಗೆ ಬಾಯಿ ತೆರೆಯಬೇಕು, ನಾನು ಸೀಟಿನಿಂದ ಎದ್ದು ಇಡೀ ಮೈಭಾರವನ್ನು ಪೆಡಲಿನ ಮೇಲೆ ಹಾಕಬೇಕು. ಆಗ 'ಕಟಕ್' ಅನ್ನುತ್ತದೆ. ಕಾಲು ಗಾಳಿ ತುಳಿಯುತ್ತದೆ, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ, ಬಾಯಿಂದ ಬರಬಾರದ ಮಾತು ಬರುತ್ತದೆ. ಪಕ್ಕದ ಸ್ಕೂಟರಿನವರು ಕನಿಕರದಿಂದ ನೋಡುತ್ತಾರೆ. ಆ ಕನಿಕರ ಕಟ್ಟಿಕೊಂಡು ಏನು ಮಾಡಲಿ, ಊದಿಕೊಂಡ ಮೊಣಕಾಲು ನನ್ನದು.

ರಿಪೇರಿಗೆ ಬಿಟ್ಟರೆ ಸೈಕಲ್ ವಾಪಸ್ ಬರುವ ತನಕ ಆಫೀಸಿಗೆ ಏನು ಗತಿ ಅನ್ನುವ ಯೋಚನೆ ಒಂದು ಕಡೆ. ಇನ್ನೊಂದು ಕಡೆ, ವಿಡಿಯೊದಲ್ಲಿ ಒಬ್ಬಾತ "ಮನೆಯಲ್ಲೇ ಮಾಡ್ಕೊಬಹುದು, ಹತ್ತು ನಿಮಿಷದ ಕೆಲಸ" ಅಂತ ನಗುನಗುತ್ತಾ ಹೇಳಿಬಿಟ್ಟ. ಈ ವಿಡಿಯೊ ಮೆಕ್ಯಾನಿಕ್ಕುಗಳ ಮೇಲೆ ನನಗೊಂದು ತಕರಾರಿದೆ. ರಿಪೇರಿಗೆ ಮುಂಚೆ ಅವರ ಸೈಕಲ್ಲು ಎಷ್ಟು ಸ್ವಚ್ಛವಾಗಿರುತ್ತದೋ, ರಿಪೇರಿ ಆದ ಮೇಲೂ ನನ್ನದು ಅಷ್ಟು ಸ್ವಚ್ಛವಾಗಿರುವುದಿಲ್ಲ. ಅವರ ಬೋಲ್ಟುಗಳು ಬೆರಳು ತಾಗಿದರೆ ಸಾಕು, ತಾವಾಗಿ ಬಿಚ್ಚಿಕೊಳ್ಳುತ್ತವೆ. ಅವರ ಮನೆಯಲ್ಲಿ ಅಪ್ಪ ಅಂತ ಒಬ್ಬರು ಇರುವ ಲಕ್ಷಣವೇ ಕಾಣುವುದಿಲ್ಲ.

ಮೊದಲು ರೋಗ ಯಾವುದು ಅಂತ ತಿಳಿಯಬೇಕಲ್ಲ. ಅದಕ್ಕೆ ಒಂದಡಿ ಸ್ಕೇಲು ಸಾಕು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಅಂದರೆ 24 ಕೊಂಡಿಗೆ 12 ಇಂಚು ಬರಬೇಕು. ಹದಿನಾರನೇ ಒಂದಿಂಚು ಜಾಸ್ತಿ ಬಂತೋ, ಚೈನು ಬದಲಿಸುವ ಹೊತ್ತಾಯಿತು. ಎಂಟನೇ ಒಂದಿಂಚು ಜಾಸ್ತಿ ಬಂದರೆ ಚೈನು ಒಂಟಿಯಾಗಿ ಹೋಗುವುದಿಲ್ಲ, ಹಿಂದಿನ ಹಲ್ಲುಚಕ್ರಗಳನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತದೆ. ನನ್ನದು ಅದನ್ನೂ ದಾಟಿ ಆರಾಮಾಗಿ ಕಾಲು ಚಾಚಿತ್ತು. ಉಕ್ಕೇನೂ ಹಿಗ್ಗಿರುವುದಿಲ್ಲ, ನೂರಕ್ಕೂ ಮೀರಿದ ಕೀಲುಗಳಲ್ಲಿ ಒಂದೊಂದರ ಪಿನ್ನೂ, ಅದು ಕೂತ ಜಾಗವೂ ಧೂಳು ಬೆರೆತ ಎಣ್ಣೆಯಲ್ಲಿ ಕೂದಲೆಳೆಯಷ್ಟು ತೇಯ್ದಿರುತ್ತವೆ. ಎಲ್ಲದರ ಒಟ್ಟು ಮೊತ್ತ ನನ್ನ ಮೊಣಕಾಲಿಗೆ ಬಡಿದಿತ್ತು.

"ಒಂದು ಚೈನು ತಾನೇ, ಹಾಕ್ಸಿಬಿಡಿ" ಅಂದರು ಆಫೀಸಿನಲ್ಲಿ ಒಬ್ಬರು. ಅವರು ಕಾರಿನಲ್ಲಿ ಬರುವವರು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಮೊದಲಿಗಿಂತ ಜೋರಾಗಿ ಜಾರುತ್ತದೆ. ಹಳೆಯ ಚೈನೂ ಹಳೆಯ ಹಲ್ಲೂ ಬಹಳ ವರ್ಷ ಸಂಸಾರ ಮಾಡಿದ ಗಂಡಹೆಂಡಿರು. ಇಬ್ಬರೂ ಸಮನಾಗಿ ಹಾಳಾಗಿರುವುದರಿಂದ ಹೇಗೋ ಹೊಂದಿಕೊಂಡಿರುತ್ತಾರೆ. ಅದರಲ್ಲೂ ಚಿಕ್ಕ ಚಕ್ರಗಳ ಪಾಡು ಕೇಳಬಾರದು. ಇರುವುದೇ ಹನ್ನೊಂದೋ ಹದಿಮೂರೋ ಹಲ್ಲು, ಭಾರವನ್ನೆಲ್ಲ ಅವೇ ಹೊರಬೇಕು. ನನ್ನ ಸೈಕಲ್ಲಿನ ಆ ಹಲ್ಲುಗಳು ಒಂದೇ ಕಡೆಗೆ ವಾಲಿ, ಚೂಪಾಗಿ, ನನ್ನನ್ನು ನೋಡಿ ಕಿಸಿಯುತ್ತಿದ್ದವು.

ಹಿಂದೆ ಒಂದು ಕಾಲವಿತ್ತು. ಮುಂದೆ ಆಳೆತ್ತರದ ಚಕ್ರ, ಹಿಂದೊಂದು ಪುಟಾಣಿ ಚಕ್ರ. ಪೆಡಲ್ ಮುಂದಿನ ಚಕ್ರಕ್ಕೇ ಅಂಟಿಕೊಂಡಿತ್ತು. ಚೈನಿನ ಹಂಗೇ ಇರಲಿಲ್ಲ. ಕಲ್ಲು ತಗುಲಿದರೆ ತಲೆಯೇ ಮೊದಲು ನೆಲ ಮುಟ್ಟುತ್ತಿತ್ತು ಅನ್ನುವುದೊಂದು ಸಣ್ಣ ದೋಷ. 1880ರಲ್ಲಿ ಇಂಗ್ಲೆಂಡಿನಲ್ಲಿ ಹಾನ್ಸ್ ರೆನಾಲ್ಡ್ ರೋಲರ್ ಚೈನು ಮಾಡಿದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಅನ್ನುವ ಸೈಕಲ್ ತಂದ. ಎರಡು ಚಕ್ರವೂ ಹೆಚ್ಚುಕಡಿಮೆ ಒಂದೇ ಎತ್ತರ, ಹಿಂದಿನ ಚಕ್ರಕ್ಕೆ ಚೈನು. ಮನುಷ್ಯರ ತಲೆ ಉಳಿಯಿತು, ಉಗುರು ಕಪ್ಪಾಯಿತು.

ರಜೆಯ ದಿನ ನೋಡಿ ಹಾಲಿನಲ್ಲಿ ಸೈಕಲ್ ಮಲಗಿಸಿದೆ. ಅಮ್ಮನ ಷರತ್ತು ಒಂದೇ: ನೆಲದ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೂ ಸೈಕಲ್ಲೂ ಹೊರಗೆ, ನೀನೂ ಹೊರಗೆ. ಹಳೆಯ ಪೇಪರುಗಳ ಕಟ್ಟಿನಿಂದ ಒಂದು ಪುರವಣಿ ಎಳೆದು ಅಗಲಕ್ಕೆ ಹಾಸಿದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟು, ಬಿಚ್ಚುವುದಕ್ಕೆ ಎರಡು ಆಯುಧ ಬೇಕು. ಗೊಂಚಲನ್ನು ಮೇಲಿನಿಂದ ಬಿಗಿದಿಡುವ ಲಾಕ್‌ರಿಂಗಿಗೆ ಕೂರುವ ಕೀಲಿ ಒಂದು. ತುದಿಗೆ ಚೈನಿನ ತುಂಡು ಸಿಕ್ಕಿಸಿದ ಸಲಾಕೆ ಇನ್ನೊಂದು, ಅದಕ್ಕೆ ಚೈನ್ ವಿಪ್ ಅನ್ನುತ್ತಾರೆ. ಬರೀ ಕೀಲಿ ಹಾಕಿ ಎಡಕ್ಕೆ ತಿರುಗಿಸಿದರೆ ಇಡೀ ಗೊಂಚಲೇ ಟಿಕಟಿಕ ಅಂತ ಹಿಂದಕ್ಕೆ ಸುತ್ತುತ್ತದೆ. ಪೆಡಲ್ ನಿಲ್ಲಿಸಿದಾಗಲೂ ಸೈಕಲ್ ಓಡುವುದು ಅದೇ ಗುಣದಿಂದ. ಈಗ ಬೈದು ಪ್ರಯೋಜನವಿಲ್ಲ. ಹಾಗಾಗಿ ಒಂದು ಕೈಯಲ್ಲಿ ವಿಪ್ಪಿನಿಂದ ಗೊಂಚಲನ್ನು ತಡೆದು, ಇನ್ನೊಂದು ಕೈಯಲ್ಲಿ ಕೀಲಿಗೆ ಹಾಕಿದ ಸ್ಪ್ಯಾನರನ್ನು ಒತ್ತಬೇಕು. ಒತ್ತಿದೆ. ಬರಲಿಲ್ಲ. ಹಲ್ಲು ಕಚ್ಚಿ ಒತ್ತಿದೆ. 'ಕಡಕಡಕಡ' ಅಂದಿತು. ಲಾಕ್‌ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿರುತ್ತವೆ, ಬಿಡುವಾಗಲೂ ಬಿಗಿಯುವಾಗಲೂ ಅದು ಹಾಗೇ ಸದ್ದು ಮಾಡುವುದು.

"ಏನು ಒಡೀತೇ ಅದು?" ಅಂತ ಅಡುಗೆಮನೆಯಿಂದ ಅಮ್ಮ.

"ಏನೂ ಇಲ್ಲಮ್ಮ, ಅದು ಹಾಗೇನೇ!"

"ಎಲ್ಲಾ ಒಡೆಯೋದೂ ಹಾಗೇನೇ."

ಹೊಸ ಗೊಂಚಲು ಒಂದು ಪ್ಲಾಸ್ಟಿಕ್ ಕೊಳವೆಗೆ ಪೋಣಿಸಿಕೊಂಡು ಬರುತ್ತದೆ. ನನ್ನದು ಎಂಟು ಗೇರಿನದು. ದೊಡ್ಡ ಚಕ್ರಗಳು ಕೆಲವು ಒಟ್ಟಿಗೇ ಇದ್ದವು, ಉಳಿದವು ಬಿಡಿಬಿಡಿ; ನಡುನಡುವೆ ಮೂರು ಮಿಲಿಮೀಟರ್ ದಪ್ಪದ ಕಪ್ಪು ಉಂಗುರಗಳು. ಒಂದು ಚಕ್ರ, ಒಂದು ಉಂಗುರ, ಒಂದು ಚಕ್ರ. ಅದೇ ಕ್ರಮದಲ್ಲಿ ಪುರವಣಿಯ ಮೇಲೆ ಎಡದಿಂದ ಬಲಕ್ಕೆ ಜೋಡಿಸಿಟ್ಟೆ. ನನಗೇ ಹೆಮ್ಮೆಯಾಗುವಷ್ಟು ಚೆನ್ನಾಗಿತ್ತು. ಹೊಸ ಚೈನನ್ನೂ ಪಕ್ಕದಲ್ಲಿ ಸುತ್ತಿಟ್ಟು, ಗೊಂಚಲು ಕೂರುವ ಜಾಗದ ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದೆ.

ಆಗ ಅಪ್ಪ ಬಂದರು.

ನಿವೃತ್ತರಾದ ಮೇಲೆ ಅಪ್ಪ ಅಕ್ಷರ ಕಂಡಲ್ಲಿ ನಿಲ್ಲುತ್ತಾರೆ. ಔಷಧಿ ಡಬ್ಬಿಯೊಳಗಿನ ಚೀಟಿ, ಸೋಪಿನ ಪೊಟ್ಟಣ, ಶರ್ಟಿನ ಕಾಲರಿಗೆ ಹೊಲಿದ ಪಟ್ಟಿ, ಯಾವುದನ್ನೂ ಬಿಡುವುದಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನನ್ನ ಕೆಲಸದ ಮೇಲೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಪರವಾಗಿಲ್ಲ, ಮಗಳ ಕೈಗುಣ ನೋಡುತ್ತಿದ್ದಾರೆ ಅಂದುಕೊಂಡೆ.

"ಅರೆ, ಇದನ್ನ ನಾನು ಪೂರ್ತಿ ಮಾಡೇ ಇಲ್ವಲ್ಲ" ಅಂದರು.

ಹಲ್ಲುಚಕ್ರಗಳ ಅಡಿಯಲ್ಲಿ ಒಂದು ಪದಬಂಧ ಇತ್ತು. ಅರ್ಧ ತುಂಬಿತ್ತು, ಅಪ್ಪನದೇ ಅಕ್ಷರ.

"ಆ ಚಕ್ರ ಒಂಚೂರು ಎತ್ತಮ್ಮಾ. ಎಡದಿಂದ ಬಲಕ್ಕೆ ಹನ್ನೊಂದು ಕಾಣ್ತಿಲ್ಲ."

"ಅಪ್ಪಾ, ಅವನ್ನ ಲೆಕ್ಕ ಹಾಕಿ ಇಟ್ಟಿದೀನಿ, ಮುಟ್ಟಬೇಡಿ."

"ನಾನೆಲ್ಲಿ ಮುಟ್ಟಿದೆ? ನೀನೇ ಎತ್ತು ಅಂದೆ."

ಎತ್ತಿ, ಅವರು ಓದಿದ ಮೇಲೆ ಅಲ್ಲೇ ಇಟ್ಟೆ. ತಪ್ಪಿಸಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಕುರ್ಚಿ ಬಂತು, ಕನ್ನಡಕ ಬಂತು, ಪೆನ್ನು ಬಂತು. ಪೆನ್ನು ಬರೆಯುತ್ತದೋ ಇಲ್ಲವೋ ಅಂತ ಪುರವಣಿಯ ಅಂಚಿನಲ್ಲಿ ಎರಡು ಸುತ್ತು ಗೀಚಿ ನೋಡಿದರು. ಆ ಗೀಚಿಗೆ ಹದಿಮೂರು ಹಲ್ಲಿನ ಚಕ್ರ ಅರ್ಧ ಇಂಚು ಸರಿಯಿತು. ನಾನು ಅದನ್ನು ವಾಪಸ್ ಸರಿಸಿದೆ.

"ಸಣ್ಣಪುಟ್ಟ ಉಪದ್ರವ, ತಾಳಲಾರದ ಬೇಸರ. ನಾಲ್ಕಕ್ಷರ."

ನಾನು ಗೇರು ಬದಲಿಸುವ ಡಿರೇಲರಿನ ಪುಟ್ಟ ಚಕ್ರಗಳಲ್ಲಿ ಸಿಕ್ಕಿಕೊಂಡಿದ್ದ ಕೂದಲು, ದಾರ, ಮತ್ತು ಏನೆಂದು ಹೇಳಲಾಗದ ಒಂದು ಕಪ್ಪು ವಸ್ತುವನ್ನು ಕೀಳುತ್ತಿದ್ದೆ.

"ನಾಲ್ಕಕ್ಷರ ಅಮ್ಮಾ. ಎರಡನೇದು 'ರಿ'. ಉಪದ್ರವ."

"ಅಪ್ಪಾ, ದಯವಿಟ್ಟು ಕಿರಿಕಿರಿ ಮಾಡಬೇಡಿ!"

ಅಪ್ಪ ಬೆರಳು ಮಡಿಚಿದರು. "ಕಿ... ರಿ... ಕಿ... ರಿ. ಭಲೇ, ಕೂತಿತು!" ಬರೆದೇಬಿಟ್ಟರು. ನನ್ನ ಮಾತು ಅವರನ್ನು ಮುಟ್ಟಿದ್ದು ಅಷ್ಟೇ. ಜೊತೆಗೆ ಹುಮ್ಮಸ್ಸೂ ಬಂತು. "ಹಾಗಾದ್ರೆ ಮೇಲಿನಿಂದ ಕೆಳಕ್ಕೆ ಐದು ಬರುತ್ತೆ. ಆನೆ. ಎರಡಕ್ಷರ. ಗಜ ಆಗಲ್ಲ, ಕೊನೇದು 'ರಿ' ಬಂತಲ್ಲ." ನಾನು ಎರಡೂ ಕೈ ಎತ್ತಿ ತೋರಿಸಿದೆ. ಅಪ್ಪ ನನ್ನ ಅಂಗೈ ನೋಡಿದರು, ಪೇಪರ್ ನೋಡಿದರು. "ಕರಿ! ಹೌದಲ್ವೇ!" ಅಂತ ಅದನ್ನೂ ತುಂಬಿದರು.

ಹೀಗೇ ನಡೆದಿದ್ದರೆ ಹೇಗೋ ಮುಗಿದುಹೋಗುತ್ತಿತ್ತು. ಒಂದು ಮನೆ ಮಾತ್ರ ಉಳಿಯಿತು. ಅಪ್ಪ ಕೂತು ಯೋಚಿಸಿದರು, ನಿಂತು ಯೋಚಿಸಿದರು, ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. ಕಟ್ಟಕಡೆಗೆ ಚೌಕಗಳ ಕೆಳಗೆ ಸಣ್ಣಕ್ಷರದಲ್ಲಿದ್ದ ಒಂದು ಸಾಲು ಅವರ ಕಣ್ಣಿಗೆ ಬಿತ್ತು: ಉತ್ತರಗಳು ಕೊನೆಯ ಪುಟದಲ್ಲಿ.

ಅಪ್ಪ ಪುಟ ತಿರುವಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಮಿಷ ಕೂಡ ಹಿಡಿಯಲಿಲ್ಲ. ಚಕ್ರಗಳು ಝಲ್ಲನೆ ಒಂದರ ಮೇಲೊಂದು ಬಿದ್ದವು, ಚೈನು ಹಾವಾಗಿ ಸೋಫಾದ ಕಡೆ ಹರಿಯಿತು, ಉಂಗುರಗಳು ಉರುಳುತ್ತಾ ಮನೆ ನೋಡಲು ಹೊರಟವು. ನಾನು ಬ್ರಷ್ಷು ಹಿಡಿದುಕೊಂಡು ಕೂತಲ್ಲೇ ಕೂತಿದ್ದೆ. ಅಪ್ಪ ಕೊನೆಯ ಪುಟವನ್ನು ತಲೆಕೆಳಗು ಮಾಡಿ ಉತ್ತರ ಓದಿ, "ಛೇ, ಇಷ್ಟೇನಾ" ಅಂದರು.

ಆಮೇಲೆ ಸುತ್ತಲೂ ನೋಡಿದರು. ನನ್ನ ಮುಖವನ್ನೂ ನೋಡಿದರು. "ಅಷ್ಟು ಮುಖ್ಯವಾಗಿದ್ರೆ ಪೇಪರ್ ಮೇಲೆ ಯಾಕಮ್ಮಾ ಇಟ್ಟೆ?" ಅಂದರು.

ಪುಣ್ಯಕ್ಕೆ ಇವನ್ನು ಮಾಡಿದವರಿಗೆ ನಮ್ಮಂಥ ಮನೆಗಳ ಕಲ್ಪನೆ ಇತ್ತು ಅಂತ ಕಾಣುತ್ತದೆ. ಪ್ರತಿ ಚಕ್ರದ ಮೇಲೂ ಹಲ್ಲಿನ ಸಂಖ್ಯೆ ಕೊರೆದಿರುತ್ತದೆ. ಆ ಬರಹ ಹೊರಮುಖವಾಗಿ ಬರಬೇಕು. ಚಕ್ರದ ಒಳಅಂಚಿನ ಕಚ್ಚುಗಳಲ್ಲಿ ಒಂದರ ಅಗಲ ಬೇರೆ, ಹಾಗಾಗಿ ಚಕ್ರ ಒಂದೇ ಭಂಗಿಯಲ್ಲಿ ಕೂರುತ್ತದೆ, ಅಡ್ಡಾದಿಡ್ಡಿ ಹಾಕಲು ಆಗುವುದೇ ಇಲ್ಲ. ಉಂಗುರಗಳಿಗೆ ಮಾತ್ರ ಇಂಥ ಯಾವ ಕಟ್ಟುಪಾಡೂ ಇಲ್ಲ. ಒಂದು ಕಾಣಲೇ ಇಲ್ಲ. ಮೂರು ಮಿಲಿಮೀಟರ್ ತಾನೇ ಅಂತ ಬಿಡುವ ಹಾಗೂ ಇಲ್ಲ. ಗೇರಿನ ಗುಂಡಿ ಒತ್ತಿದಾಗೆಲ್ಲ ಚೈನು ಅಳೆದಿಟ್ಟಷ್ಟು ದೂರವೇ ಜರುಗುತ್ತದೆ, ಚಕ್ರ ಅಲ್ಲಿ ಇರದಿದ್ದರೆ ಎರಡು ಚಕ್ರಗಳ ನಡುವೆ ನಿಂತು ಕಟಕಟ ಹಲ್ಲು ಕಡಿಯುತ್ತದೆ. ಸೋಫಾ ಸರಿಸಿದೆವು. ಚಾಪೆ ಕೊಡವಿದೆವು. ಅಮ್ಮನೂ ಬಂದು, ಬೈಯುತ್ತಲೇ ಹುಡುಕಿದರು. ಕೊನೆಗೆ ಅದು ಅಪ್ಪನ ಪಾದದ ಕೆಳಗಿತ್ತು. "ಆಗಿನಿಂದ ಏನೋ ಒತ್ತುತ್ತಿತ್ತು" ಅಂದರು.

ಚೈನು ಜೋಡಿಸುವ ಕೊಂಡಿಯನ್ನು ಕೈಯಿಂದ ಸಿಕ್ಕಿಸಿದರೆ ಸಾಲದು. ಅದನ್ನು ಮೇಲ್ಗಡೆಯ ಸಾಲಿಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಬೇಕು. ಆಗ 'ಟಕ್' ಅಂತ ಕೂರುತ್ತದೆ. ಬ್ರೇಕ್ ಹಿಡಿಯಲು ಅಪ್ಪನನ್ನೇ ಕರೆದೆ. ಹ್ಯಾಂಡಲ್ಲಿಗೆ ಕೈ ಹಾಕಿದ ಕೂಡಲೇ ಅವರು ನಿಲ್ಲುವ ರೀತಿಯೇ ಬೇರೆಯಾಯಿತು. ಅವರೂ ಕೆಲಸಕ್ಕೆ ಹೋಗಿಬಂದದ್ದು ಸೈಕಲ್ಲಿನಲ್ಲೇ. ಒಂದೇ ಗೇರು, ಮೇಲಿನಿಂದ ಕೆಳಗಿನವರೆಗೆ ಮುಚ್ಚಿದ ತಗಡಿನ ಚೈನ್ ಕವರು. ಒಳಗೆ ಧೂಳೂ ಹೋಗುತ್ತಿರಲಿಲ್ಲ, ಮಳೆಯೂ ಹೋಗುತ್ತಿರಲಿಲ್ಲ. ಗೇರು ಯಾತಕ್ಕೆ, ಮೊಣಕಾಲು ಇರಲಿಲ್ಲವೇ ಅನ್ನುತ್ತಾರೆ. ಆ ಮೊಣಕಾಲು ಈಗ ಮೆಟ್ಟಿಲಿಳಿಯುವಾಗ ಕರಕರ ಅನ್ನುತ್ತದೆ. ಸೈಕಲ್ ಕೊಟ್ಟುಬಿಟ್ಟು ಎಷ್ಟೋ ವರ್ಷವಾಯಿತು. ಕೊಂಡಿ ಕೂತ ಮೇಲೂ ಅವರು ಬ್ರೇಕ್ ಬಿಡಲಿಲ್ಲ. ಒಂದು ಸಲ ಬೆಲ್ ಹೊಡೆದರು. "ಬೆಲ್ ಚೆನ್ನಾಗಿದೆ" ಅಂದರು. ಇಡೀ ಸೈಕಲ್ಲಿನಲ್ಲಿ ನಾನು ಕೈ ಹಾಕದೆ ಬಿಟ್ಟಿದ್ದು ಅದೊಂದೇ.

ಉಳಿದದ್ದು ಹೇಳುವಂಥದ್ದೇನಲ್ಲ. ಗೇರಿನ ತಂತಿಯ ತುದಿಯ ತಿರುಪನ್ನು ಕಾಲು ಸುತ್ತು ಆಕಡೆ, ಕಾಲು ಸುತ್ತು ಈಕಡೆ ತಿರುವುತ್ತಾ, ಸದ್ದು ಅಡಗುವ ತನಕ ಪೆಡಲ್ ಸುತ್ತುವುದು. ಪ್ರತಿ ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯುವುದು. ಎಣ್ಣೆಯ ಕೆಲಸವಿರುವುದು ಒಳಗಿನ ಪಿನ್ನಿನ ಹತ್ತಿರ, ಹೊರಗೆ ಬಿಟ್ಟರೆ ಬರೀ ಧೂಳು ಸಾಕುತ್ತದೆ. ಸ್ವಚ್ಛವಾದ, ಎಣ್ಣೆ ಕಂಡ ಚೈನು ಕಾಲಿನ ಶಕ್ತಿಯಲ್ಲಿ ನೂರಕ್ಕೆ 98ರಷ್ಟನ್ನು ಚಕ್ರಕ್ಕೆ ಮುಟ್ಟಿಸಬಲ್ಲದು. ಉಳಿದ ಎರಡು ನನ್ನ ಪ್ಯಾಂಟಿನ ಬಲಗಾಲಿಗೆ ಮೀಸಲು.

ಮರುದಿನ ಸಿಗ್ನಲ್ಲಿನಲ್ಲಿ ಎದ್ದುನಿಂತು ತುಳಿದೆ. ಜಾರಲಿಲ್ಲ. ಸ್ಕೂಟರಿನವರು ಯಾರೂ ತಿರುಗಿ ನೋಡಲಿಲ್ಲ, ಕಾಲು ಸರಿಯಾಗಿ ಕೆಲಸ ಮಾಡುವವರನ್ನು ಯಾರು ನೋಡುತ್ತಾರೆ. ಆಫೀಸಿನಲ್ಲಿ ಮಾತ್ರ ಎಲ್ಲರೂ ನನ್ನ ಉಗುರು ನೋಡಿದರು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಸಕ್ಕರೆ ಹಾಕಿ ತಿಕ್ಕಿದ್ದು ಎಲ್ಲ ಆಯಿತು. ಆ ಕಪ್ಪು ಹೋಗಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಐದು ಬೆರಳಿನ ಗುರುತಿದೆ, ಅದು ನನ್ನದಲ್ಲ ಅಂತ ವಾದಿಸುವ ಹಾಗಿಲ್ಲ. ಅಮ್ಮ ಅದನ್ನು ಬೇಕೆಂತಲೇ ಒರೆಸದೆ ಬಿಟ್ಟಿದ್ದಾರೆ.

ಮುಂದಿನ ರಜೆಗೆ ಬ್ರೇಕಿನ ಸರದಿ. ಈ ಸಲ ಪೇಪರ್ ಬೇಡ, ಹಳೆಯ ಬೆಡ್‌ಶೀಟು ಹಾಸುತ್ತೇನೆ ಅಂದರೆ ಅಮ್ಮ, ಮನೆಯಲ್ಲಿ ಹಳೆಯ ಬೆಡ್‌ಶೀಟೇ ಇಲ್ಲ, ಎಲ್ಲಾ ಚೆನ್ನಾಗಿವೆ ಅಂದರು. ಅಪ್ಪ ಅಷ್ಟರಲ್ಲಾಗಲೇ ಪೇಪರಿನ ಕಟ್ಟು ಬಿಚ್ಚಿ, ಅರ್ಧಕ್ಕೆ ನಿಂತ ಪದಬಂಧಗಳಿರುವ ಪುರವಣಿಗಳನ್ನೇ ಆರಿಸಿ ಬೇರೆ ಎತ್ತಿಟ್ಟಿದ್ದಾರೆ. "ಬ್ರೇಕಿಗೆ ಎಷ್ಟು ಹಾಳೆ ಬೇಕಾಗುತ್ತಮ್ಮಾ?" ಅಂತ ನಿನ್ನೆ ಕೇಳಿದರು.