ಹೆಗಲ ಮೇಲೆ ಕೋಲೆತ್ತಬಾರದಮ್ಮ!

ಹೆಣ್ಣುಮಕ್ಕಳ ಮಾನ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಥರಾವರಿ ಉತ್ತರ ಕೊಟ್ಟಿದ್ದಾರೆ. ಸೆರಗಿನಲ್ಲಿ, ಜಡೆಯಲ್ಲಿ, ಸಂಜೆ ಮನೆ ಸೇರುವ ಹೊತ್ತಿನಲ್ಲಿ. ಬ್ರಿಟನ್ನಿನ ಗಾಲ್ಫ್ ಪಂಡಿತರು ಮಾತ್ರ ಖಚಿತವಾಗಿ ಜಾಗ ಗುರುತಿಸಿದರು: ಭುಜ. ಗಾಲ್ಫ್ ಕೋಲು ಭುಜದ ಕೆಳಗಿದ್ದರೆ ಕುಲೀನೆ, ಒಂದಂಗುಲ ಮೇಲೆ ಹೋಯಿತೋ, ವಂಶದ ಕಥೆ ಮುಗಿಯಿತು.

1890ರಲ್ಲಿ ಲಾರ್ಡ್ ವೆಲ್‌ವುಡ್ ಎಂಬ ಮಹನೀಯರು ಈ ಶಾಸ್ತ್ರವನ್ನು ಅಚ್ಚು ಹಾಕಿಸಿದರು. ಹೆಂಗಸರಿಗೆ 70-80 ಗಜದ ಹೊಡೆತ ಧಾರಾಳವಾಯಿತು. ಅದಕ್ಕಿಂತ ದೂರ ಹೊಡೆಯುವ ತಾಕತ್ತು ಅವರಿಗಿಲ್ಲ ಎಂದಲ್ಲ, ಹಾಗೆ ಹೊಡೆಯಬೇಕಾದರೆ ಕೋಲನ್ನು ಭುಜದ ಮೇಲಕ್ಕೆ ಎತ್ತಬೇಕಾಗುತ್ತದಲ್ಲ, ಅದು ಕಷ್ಟ. ಹೆಣ್ಣುಡುಗೆ ತೊಟ್ಟು ಆ ಭಂಗಿಯಲ್ಲಿ ನಿಂತರೆ ನೋಡಲು ಅಷ್ಟೇನೂ ಲಕ್ಷಣವಾಗಿರುವುದಿಲ್ಲವಂತೆ. ಗಮನಿಸಿ, ತಕರಾರು ಉಡುಗೆಯದ್ದು. ಕತ್ತರಿ ಬಿದ್ದದ್ದು ಮಾತ್ರ ಹೊಡೆತಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆ ಉಡುಗೆಯೋ! ನೆಲ ಗುಡಿಸುವ ಲಂಗ, ಗಂಟಲು ಹಿಸುಕುವ ಗಂಜಿ ಕಾಲರ್, ತಲೆಗೆ ಪಿನ್ನು ಚುಚ್ಚಿದ ಹ್ಯಾಟು. ಕಡಲ ಗಾಳಿಗೆ ಲಂಗ ಹಾರಿ ಚೆಂಡೇ ಮಾಯ. ಅದಕ್ಕೊಂದು ಎಲಾಸ್ಟಿಕ್ ಪಟ್ಟಿ ಬಂತು. ‘ಮಿಸ್ ಹಿಗಿನ್ಸ್’ ಎಂದು ಅದಕ್ಕೆ ನಾಮಕರಣವೂ ಆಯಿತು. ಆಟಗಾರ್ತಿ ಸೊಂಟದಲ್ಲಿದ್ದ ಪಟ್ಟಿಯನ್ನು ಮೊಣಕಾಲಿಗೆ ಜಗ್ಗಿ, ತನ್ನ ಲಂಗವನ್ನು ತಾನೇ ಮೂಟೆ ಕಟ್ಟಿಕೊಂಡು, ಚೆಂಡು ಹೊಡೆದು, ಪಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿ ಮುಂದಿನ ಕುಳಿಯತ್ತ ಹೊರಡಬೇಕು. ಇದು ಲಕ್ಷಣ. ತೋಳೆತ್ತಿದರೆ ಅವಲಕ್ಷಣ.

ಲಂಗದ ಮಹಿಮೆಗೆ ಒಲಿಂಪಿಕ್ಸ್ ಸಾಕ್ಷಿಯೂ ಇದೆ. 1900ರ ಪ್ಯಾರಿಸ್ ಕೂಟದ 9 ಕುಳಿಗಳ ಸ್ಪರ್ಧೆಯನ್ನು 47 ಹೊಡೆತಗಳಲ್ಲಿ ಗೆದ್ದವಳು ಕಲ್ಕತ್ತಾದಲ್ಲಿ ಹುಟ್ಟಿದ ಅಮೆರಿಕನ್ ಹುಡುಗಿ ಮಾರ್ಗರೆಟ್ ಆ್ಯಬಟ್. ಫ್ರೆಂಚ್ ಹುಡುಗಿಯರು ಹೈಹೀಲ್ಡ್ ಚಪ್ಪಲಿ, ಬಿಗಿ ಲಂಗ ತೊಟ್ಟು ಬಂದಿದ್ದರು, ಹಾಗಾಗಿ ಗೆದ್ದೆ ಎಂದು ಆಮೇಲೆ ಮನೆಯವರ ಬಳಿ ಹೇಳಿದಳಂತೆ. ಗೆದ್ದದ್ದಕ್ಕೆ ಒಂದು ಪಿಂಗಾಣಿ ಬೋಗುಣಿ ಕೊಟ್ಟರು. ಅದು ಒಲಿಂಪಿಕ್ಸ್ ಎಂದು ಯಾರೂ ಹೇಳಲಿಲ್ಲ. 1955ರಲ್ಲಿ ಆಕೆ ತೀರಿಕೊಂಡಾಗಲೂ ತಾನು ಒಲಿಂಪಿಕ್ ಚಾಂಪಿಯನ್ ಎಂಬುದು ಆಕೆಗೆ ಗೊತ್ತಿರಲಿಲ್ಲ.

ಬಹುಮಾನದ ಮಾತಿಗೆ ನೆನಪಾಯಿತು. ಲಾರ್ಡ್ ಸಾಹೇಬರು ಭುಜ ಅಳೆಯುವುದಕ್ಕೆ 80 ವರ್ಷ ಮೊದಲೇ ಸ್ಕಾಟ್ಲೆಂಡಿನ ಮಸಲ್‌ಬರ್ಗಿನಲ್ಲಿ ಹೆಂಗಸರ ಗಾಲ್ಫ್ ಪಂದ್ಯವೊಂದನ್ನು ಗೊತ್ತುಮಾಡಿದ್ದರು. ಆಡಬೇಕಾದವರು ಮೀನು ಮಾರುವ ಹೆಂಗಸರು. 1810ರ ಡಿಸೆಂಬರಿನಲ್ಲಿ ಅಲ್ಲಿಯ ಕ್ಲಬ್ಬು ಠರಾವು ಮಾಡಿತು: ಚೆನ್ನಾಗಿ ಆಡಿದವಳಿಗೆ ಒಂದು ಹೊಸ ಮೀನಿನ ಬುಟ್ಟಿ, ಒಂದು ಶಾಲು, ಜತೆಗೆ ಎರಡು ಬಾರ್ಸಿಲೋನಾ ರೇಷ್ಮೆ ಕರವಸ್ತ್ರ. ಗೆದ್ದದ್ದಕ್ಕೆ ನಾಳೆ ಹೊರಲು ಇನ್ನೊಂದು ಬುಟ್ಟಿ! ಆ ಊರಿನ ಮೀನುಗಾರ್ತಿಯರು ಹಬ್ಬದ ದಿನ ಗಾಲ್ಫ್ ಆಡುತ್ತಾರೆ, ಫುಟ್‌ಬಾಲ್‌ನಲ್ಲಿ ಮದುವೆಯಾದವರು ಆಗದವರನ್ನು ಪ್ರತಿ ಸಲ ಸೋಲಿಸುತ್ತಾರೆ ಎಂದು ಅಲ್ಲಿಯ ಪಾದ್ರಿಯೊಬ್ಬರು 1790ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಈ ಭುಜಗಳನ್ನು ಯಾರೂ ಅಳೆಯಲಿಲ್ಲ. ಮೀನು ಹೊರುವ ಹೆಗಲಿಗೆ ಮಾನ ಯಾಕೆ ಬೇಕು? ಹೊರಲು ಏನೂ ಇಲ್ಲದ ಹೆಗಲಿಗೇ ಮರ್ಯಾದೆಯ ಭಾರ.

ಆ ಭಾರ ಹೊತ್ತ ಮನೆತನಸ್ಥ ಹೆಂಗಸರಿಗಾಗಿ ಸ್ಕಾಟ್ಲೆಂಡಿನದೇ ಸೇಂಟ್ ಆಂಡ್ರೂಸ್‌ನಲ್ಲಿ 1867ರಲ್ಲಿ ಕ್ಲಬ್ಬು ಹುಟ್ಟಿತು. ಆಟ ಯಾವುದು? ಪಟ್ಟಿಂಗ್ ಮಾತ್ರ. ಚೆಂಡನ್ನು ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಬೇಕು. ಉಬ್ಬುತಗ್ಗಿನ ಆ ಹುಲ್ಲುಹಾಸಿಗೆ ಬಿದ್ದ ಹೆಸರು ‘ಹಿಮಾಲಯ’.

1893ರಲ್ಲಿ ಈ ಹೆಂಗಸರು ತಮ್ಮದೇ ಲೇಡೀಸ್ ಗಾಲ್ಫ್ ಯೂನಿಯನ್ ಕಟ್ಟಿ ಚಾಂಪಿಯನ್‌ಶಿಪ್ ನಡೆಸಲು ಹೊರಟರು. ಎರಡು ಬಾರಿ ಅಮೆಚೂರ್ (ಹವ್ಯಾಸಿ ಆಟಗಾರರ) ಚಾಂಪಿಯನ್ ಆಗಿದ್ದ ಹೊರೇಸ್ ಹಚಿನ್ಸನ್ ಅವರ ಸಲಹೆ ಕೇಳಿದರು. ಅವರು ಬರೆದ ಉತ್ತರಕ್ಕೆ ಚೌಕಟ್ಟು ಹಾಕಿಸಿ ಪ್ರತಿ ಕ್ಲಬ್ಬಿನ ಬಾಗಿಲಿಗೆ ತೂಗುಹಾಕಬೇಕು. ಅವರು ಬರೆದದ್ದು ಇಷ್ಟು: ಈ ಸಾಹಸ ಬೇಡ. ಹೆಂಗಸರು ಒಗ್ಗಟ್ಟಾಗಿ ಯಾವ ಕೆಲಸವನ್ನೂ ದಡ ಮುಟ್ಟಿಸಿದವರಲ್ಲ. ಕಾರಣವಿಲ್ಲದೆ ಜಗಳಕ್ಕೆ ಬೀಳುತ್ತಾರೆ, ದೇವರು ಮಾಡಿದ್ದೇ ಹಾಗೆ. ಗ್ರೀನ್ (ಕುಳಿಯ ಸುತ್ತಲಿನ ಹುಲ್ಲುಹಾಸು) ಮೇಲೆ ಜುಟ್ಟು ಹಿಡಿದಾಡಿ ವಿಗ್ಗು ಉದುರದಿದ್ದರೂ ಕಣ್ಣೀರಂತೂ ಉದುರುತ್ತದೆ. ದಿನಕ್ಕೆ ಎರಡು ಸುತ್ತು ಆಡುವ ಮೈಕಟ್ಟಿಲ್ಲ, ಗಾಳಿ ಮಳೆ ತಡೆಯಲಾರರು, ಒತ್ತಡ ತಾಳುವ ಸ್ವಭಾವವೂ ಅಲ್ಲ. ಮೊದಲ ಚಾಂಪಿಯನ್‌ಶಿಪ್ಪೇ ಕೊನೆಯದೂ ಆಗುತ್ತದೆ.

(ಒತ್ತಡ ಎಂದಾಗ ನನಗೆ 2021ರ ಆಗಸ್ಟಿನ ಆ ಶನಿವಾರ ನೆನಪಾಗುತ್ತದೆ. ಟೋಕಿಯೋದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ಹುಡುಗಿ ತಣ್ಣಗಿದ್ದರು. ಬರ್ಡಿ ಎಂದರೆ ಹಕ್ಕಿಮರಿ ಎಂದುಕೊಂಡಿದ್ದ ನಾನು ಟಿವಿ ಮುಂದೆ ಕೂತು ಉಗುರು ಕಚ್ಚುತ್ತಿದ್ದೆ.)

ಜ್ಯೋತಿಷ್ಯ ಹೇಗೆ ಫಲಿಸಿತು ಕೇಳಿ. ಅದೇ 1893ರ ಜೂನಿನಲ್ಲಿ ಇಂಗ್ಲೆಂಡಿನ ಲಿಥಮ್ ಸೇಂಟ್ ಆ್ಯನ್ಸ್‌ಗೆ 38 ಮಂದಿ ಬಂದರು. ಗೆದ್ದವಳು ಲಾರ್ಡ್ ಎಲ್ಡನ್ ಮಗಳು ಲೇಡಿ ಮಾರ್ಗರೆಟ್ ಸ್ಕಾಟ್. ಆಕೆಯ ಸ್ವಿಂಗಿನ ಹಳೆಯ ಫೋಟೋ ನೋಡಬೇಕು: ಕೋಲು ಭುಜ ದಾಟಿ, ತಲೆ ದಾಟಿ, ಬೆನ್ನ ಹಿಂದೆ ಇಳಿದಿದೆ. ಮೂರು ವರ್ಷ ಸತತ ಗೆದ್ದು, ಸಾಕೆನಿಸಿ ಬಿಟ್ಟಳು. ಕೊನೆಯದಾಗಬೇಕಿದ್ದ ಚಾಂಪಿಯನ್‌ಶಿಪ್ ಮಾತ್ರ ಇನ್ನೂ ನಡೆಯುತ್ತಿದೆ.

ಇನ್ನು ಒಗ್ಗಟ್ಟಿಲ್ಲದವರ ಕಥೆ. ಮೊದಲ ಫೈನಲ್‌ನಲ್ಲಿ ಸೋತ ಇಸೆಟ್ ಪಿಯರ್ಸನ್ ಯೂನಿಯನ್ನಿನ ಕಾರ್ಯದರ್ಶಿಯಾಗಿ ದೇಶಕ್ಕೆಲ್ಲ ಒಂದೇ ಹ್ಯಾಂಡಿಕ್ಯಾಪ್ (ಆಟಗಾರರ ಬಲಾಬಲ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಲೆಕ್ಕ ಕೂಡಿಸಿದರು. ಆಗ ಗಂಡಸರ ಕ್ಲಬ್ಬುಗಳಲ್ಲಿ ಊರಿಗೊಂದು ಲೆಕ್ಕ. ಅವರು ಒಮ್ಮತಕ್ಕೆ ಬರಲು ದಶಕಗಳೇ ಹಿಡಿದವು. ಜಗಳ ಯಾರದ್ದೋ, ಹೆಸರು ಯಾರಿಗೋ.

1910ರಲ್ಲಿ ಇನ್ನೊಂದು ತಮಾಷೆ. ಗಾಲ್ಫಿನ ದೊಡ್ಡ ಪಂದ್ಯವಾದ ಓಪನ್ ಅನ್ನು ಎರಡು ಬಾರಿ ಗೆದ್ದಿದ್ದ ಹೆರಾಲ್ಡ್ ಹಿಲ್ಟನ್, 19ರ ಹುಡುಗಿ ಸೆಸಿಲ್ ಲೀಚ್‌ಗೆ ಎರಡು ಕುಳಿಗೊಂದು ಹೊಡೆತ ರಿಯಾಯಿತಿ ಕೊಟ್ಟು 72 ಕುಳಿಗಳ ಪಂದ್ಯಕ್ಕಿಳಿದರು. ಸೋತರು.

ಇದೆಲ್ಲ ಅಜ್ಜನ ಕಾಲದ್ದು ಎನ್ನುತ್ತೀರಾ? ಸೇಂಟ್ ಆಂಡ್ರೂಸ್‌ನ ಆರ್ ಆ್ಯಂಡ್ ಎ (ರಾಯಲ್ ಆ್ಯಂಡ್ ಏನ್ಶಿಯಂಟ್) ಕ್ಲಬ್ಬು ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ, ಹುಟ್ಟಿ 260 ವರ್ಷವಾದ ಮೇಲೆ. ಇನ್ನು ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿರುವ, ಆನರಬಲ್ ಕಂಪನಿ ಎಂಬ ಗಾಲ್ಫ್ ಕ್ಲಬ್ಬು. ಇವರು 1836ರಿಂದ 1891ರವರೆಗೆ ಆಡಿದ್ದು ಎಲ್ಲಿ ಗೊತ್ತೇ? ಮೀನಿನವರ ಅದೇ ಮಸಲ್‌ಬರ್ಗ್ ಬಯಲಿನಲ್ಲಿ. 2016ರಲ್ಲಿ ಮತಕ್ಕೆ ಹಾಕಿದಾಗ 64 ಶೇಕಡಾ ಸದಸ್ಯರು ಹೆಂಗಸರು ಬರಲಿ ಎಂದರು. ಮೂರನೇ ಎರಡು ಪಾಲು ಬೇಕಿತ್ತು, ಬಾಗಿಲು ತೆರೆಯಲಿಲ್ಲ. ಬೇಡವೆಂದವರ ಪತ್ರದಲ್ಲಿ ಭುಜದ ಸುದ್ದಿ ಇರಲಿಲ್ಲ, ಕಾಲ ಬದಲಾಗಿದೆ ನೋಡಿ. ಆಟ ನಿಧಾನವಾಗುತ್ತದೆ, ಮಧ್ಯಾಹ್ನದ ಊಟದ ವ್ಯವಸ್ಥೆ ಕೆಡುತ್ತದೆ ಎಂಬುದು ಅವರ ಸಂಕಟ.

ಓಪನ್ ಪಂದ್ಯ ಕೈತಪ್ಪುತ್ತದೆ ಎಂದಾದಾಗ 2017ರಲ್ಲಿ ಮತ್ತೆ ಮತ ಹಾಕಿ 80 ಶೇಕಡಾ ಜನ ಜ್ಞಾನೋದಯ ಪಡೆದರು. 2022ರ ಆಗಸ್ಟಿನಲ್ಲಿ ಅಲ್ಲೇ ಮಹಿಳೆಯರ ಓಪನ್ ನಡೆಯಿತು. ಸಮಬಲವಾಗಿ, ಪ್ಲೇಆಫ್‌ನ ನಾಲ್ಕನೇ ಕುಳಿಯವರೆಗೆ ಎಳೆದು, ಕತ್ತಲು ಕವಿಯುವ ಹೊತ್ತಿಗೆ ದಕ್ಷಿಣ ಆಫ್ರಿಕಾದ ಆಶ್ಲೀ ಬುಹಾಯ್ ಮರಳಿನ ಬಂಕರಿನೊಳಗೆ ನಿಂತು ಕೋಲೆತ್ತಿದರು. ಚೆಂಡು ಕುಳಿಯ ಪಕ್ಕಕ್ಕೇ ಬಂದು ಕೂತಿತು. ಪಾಪ, ಅವತ್ತು ಮಧ್ಯಾಹ್ನದ ಊಟವಿರಲಿ, ರಾತ್ರಿಯದ್ದೂ ತಡವಾಗಿರಬೇಕು.