ಸೈಕಾಲಜಿಗೆ ಒಂದು ಸ್ಟಾಪ್‌ವಾಚು

ಬಿ.ಎ.ಯಲ್ಲಿ ಸೈಕಾಲಜಿ ತಗೊಂಡವರು ದಾವಣಗೆರೆಯಲ್ಲಿ ಮದುವೆ ಊಟಕ್ಕೆ ಕೂರುವ ಮುಂಚೆ ಅಕ್ಕಪಕ್ಕ ನೋಡಿಕೊಳ್ಳುವುದು ಒಳ್ಳೆಯದು. ಪಂಕ್ತಿಯಲ್ಲಿ ಪಕ್ಕಕ್ಕೆ ದೊಡ್ಡಪ್ಪನೋ ಚಿಕ್ಕಪ್ಪನೋ ಬಂದರೆ ಮುಗಿಯಿತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ "ಹಂಗಾದ್ರೆ ನನ್ನ ಮನಸ್ನಾಗ ಏನೈತಿ ಹೇಳು ನೋಡಾನ" ಎಂದು ಕೇಳಿಯೇ ಕೇಳುತ್ತಾರೆ. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಇರುವುದು ಇನ್ನೊಂದು ಹೋಳಿಗೆ. ಅದನ್ನು ಹೇಳಲು ಡಿಗ್ರಿ ಬೇಕಿಲ್ಲ, ಬಡಿಸುವವನಿಗೂ ಗೊತ್ತು.

ಕೇಳುವವರದೂ ತಪ್ಪಲ್ಲ. ಹರಿಹರ, ಜಗಳೂರು, ಭರಮಸಾಗರದ ಕಡೆಯಿಂದ ಬಸ್ಸಿಳಿದು ಬರುವ ಹುಡುಗ ಹುಡುಗಿಯರಲ್ಲೂ ಎಷ್ಟೋ ಮಂದಿ ಅದೇ ಆಸೆಯಿಂದ ಈ ವಿಷಯ ಆರಿಸಿಕೊಂಡಿರುತ್ತಾರೆ. ಜತೆಗೆ ಇನ್ನೊಂದು ಆಕರ್ಷಣೆ: ಗಣಿತದ ಕಾಟ ಇರುವುದಿಲ್ಲ ಎಂಬ ನಂಬಿಕೆ. ಎರಡಕ್ಕೂ ಬೇಗನೆ ಕಲ್ಲು ಬೀಳುತ್ತದೆ. ಪದವಿ ಕೊಡುವುದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯ. 2009ರಲ್ಲಿ ಆದದ್ದು, ಚಿತ್ರದುರ್ಗ ಜಿಲ್ಲೆಗೂ ಅದೇ. ಪಾಠ ನಡೆಯುವುದು ಕಾಲೇಜುಗಳಲ್ಲಿ. ಮೊದಲ ಪಾಠ ಎಲ್ಲಿದ್ದರೂ ಒಂದೇ, 1879ರಲ್ಲಿ ವುಂಟ್ ಎಂಬ ಮೇಷ್ಟ್ರು ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೆರೆದ ಸೈಕಾಲಜಿ ಪ್ರಯೋಗಾಲಯ. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿಭಾಗ 1924ರದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ಶುರು ಮಾಡಿದವರು. ಆಕಾಶವಾಣಿ ಕೇಳುತ್ತ ಬೆಳೆದ ಊರಿನವರಿಗೆ ಆ ಹೆಸರಿನ ಬೇರು ಸೈಕಾಲಜಿ ಮೇಷ್ಟ್ರ ಮನೆಯಲ್ಲಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಥಿಯರಿಯನ್ನು ಹೇಗೋ ಓದಿ ಮುಗಿಸಬಹುದು. ವಿಷಯದ ನಿಜವಾದ ಬಣ್ಣ ತಿಳಿಯುವುದು ಪ್ರಾಕ್ಟಿಕಲ್ ಕೋಣೆಯಲ್ಲಿ. ಅಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಪ್ರಯೋಗ ನಡೆಸುವ ಎಕ್ಸ್‌ಪೆರಿಮೆಂಟರ್, ಇನ್ನೊಬ್ಬರು ಪ್ರಯೋಗಕ್ಕೆ ಕೂರುವ ಸಬ್ಜೆಕ್ಟ್. ಮುಂದಿನ ವಾರ ಅದಲು ಬದಲು. ಅಲ್ಲಿ ರೋಗಿಯನ್ನು ಮಲಗಿಸಿ ಮಾತಾಡಿಸುವ ಮಂಚವೂ ಇಲ್ಲ, ಮನೋವಿಶ್ಲೇಷಣೆಯ ಫ್ರಾಯ್ಡ್‌ನ ಗಡ್ಡವೂ ಇಲ್ಲ. ಮೇಜಿನ ಮೇಲೆ ಒಂದು ಕನ್ನಡಿ, ಒಂದು ತಗಡಿನ ಮರೆ, ನಕ್ಷತ್ರ ಅಚ್ಚಾದ ಹಾಳೆ, ಪೆನ್ಸಿಲ್, ಸ್ಟಾಪ್‌ವಾಚ್. ಇದು ಮಿರರ್ ಡ್ರಾಯಿಂಗ್, ಎಲ್ಲ ಬ್ಯಾಚುಗಳೂ ದಾಟಿ ಹೋಗುವ ಪ್ರಯೋಗ.

ನಕ್ಷತ್ರಕ್ಕೆ ಜೋಡಿ ಗೆರೆ ಇರುತ್ತದೆ. ಆ ಎರಡು ಗೆರೆಗಳ ನಡುವಿನ ಸಣ್ಣ ಓಣಿಯಲ್ಲಿ ಪೆನ್ಸಿಲ್ ಎತ್ತದೆ ಒಂದು ಸುತ್ತು ಬರಬೇಕು, ಕೈಯನ್ನು ನೋಡದೆ ಕನ್ನಡಿಯನ್ನಷ್ಟೇ ನೋಡುತ್ತ. ಬಲಗೈಯವರಾದರೆ ಮೊದಲು ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹತ್ತು ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ ಒಂದು ಸಲ. ಪ್ರತಿ ಸುತ್ತಿಗೂ ಸೆಕೆಂಡುಗಳನ್ನೂ ಗೆರೆ ಮುಟ್ಟಿದ ತಪ್ಪುಗಳನ್ನೂ ಬರೆದುಕೊಳ್ಳಬೇಕು. ಎಡಗೈ ಮೊದಲು 180 ಸೆಕೆಂಡು ತಗೊಂಡು ಕೊನೆಗೆ 108ಕ್ಕೆ ಇಳಿದರೆ ಉಳಿತಾಯ ಶೇ. 40. ಬಲಗೈ ಕಲಿತದ್ದು ಎಡಗೈಗೂ ದಾಟಿದೆ ಎಂದು ರೆಕಾರ್ಡಿನಲ್ಲಿ ಬರೆಯುವ ಮುಂಚೆ ಸ್ವಲ್ಪ ತಡೆಯಬೇಕು. ಎಡಗೈಗೆ ತನ್ನದೇ ಒಂದು ಸಲದ ಅನುಭವ ಇತ್ತಲ್ಲ? ಅದಕ್ಕೇ ಕಂಟ್ರೋಲ್ ಗುಂಪು ಬೇಕು: ಬಲಗೈ ಅಭ್ಯಾಸವಿಲ್ಲದೆ ಅಷ್ಟೇ ಹೊತ್ತು ಸುಮ್ಮನೆ ಕೂತಿದ್ದು ಮತ್ತೆ ಎಡಗೈಯಲ್ಲಿ ಬಿಡಿಸುವವರು. ಅವರ ಉಳಿತಾಯವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ವರ್ಗಾವಣೆ. ಕ್ಲಾಸಿನಲ್ಲಿ ಸುಮ್ಮನೆ ಕೂರುವ ಪಾತ್ರಕ್ಕೆ ಪೈಪೋಟಿ ಜಾಸ್ತಿ.

ಕೈ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡುವುದೇ ಒಂದು ಮಜ. ಕನ್ನಡಿ ಎದುರಿಗೆ ನಿಂತಿರುವುದರಿಂದ ಎಡ ಬಲ ಹಾಗೇ ಇರುತ್ತವೆ, ಹತ್ತಿರ ದೂರ ಮಾತ್ರ ತಿರುಗಿರುತ್ತವೆ. ಅಡ್ಡ ಗೆರೆಗೆ ತೊಂದರೆಯಿಲ್ಲ. ಓರೆ ಗೆರೆಯಲ್ಲಿ ಕೈಗೆ ಅರ್ಧ ಸತ್ಯ, ಅರ್ಧ ಸುಳ್ಳು ಸಿಗುತ್ತದೆ. ನಕ್ಷತ್ರದ ತುಂಬ ಇರುವುದು ಓರೆ ಗೆರೆಗಳೇ. ಮೂಲೆಗೆ ಬಂದ ಪೆನ್ಸಿಲ್ ಅಲ್ಲೇ ಗಿರಕಿ ಹೊಡೆದು ಹಾಳೆ ಹರಿಯುವುದುಂಟು. ಪ್ರಯೋಗ ಕೆಡುವುದು ಮಾತ್ರ ಸಾಮಾನ್ಯವಾಗಿ ಎಕ್ಸ್‌ಪೆರಿಮೆಂಟರ್‌ನಿಂದ. ತಗಡಿನ ಮರೆ ಒಂದಿಷ್ಟು ಓರೆಯಾದರೆ ಸಬ್ಜೆಕ್ಟಿನ ಕಣ್ಣು ನೇರವಾಗಿ ಕೈಗೆ ಬೀಳುತ್ತದೆ, ಮೂರನೇ ಸುತ್ತಿಗೇ ಅದ್ಭುತ ಪ್ರಗತಿ. ಒಂದು ಸುತ್ತು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ. ಎಲ್ಲಕ್ಕಿಂತ ದೊಡ್ಡ ಕೇಡು ಬಾಯಿ. ಗೆಳತಿ ಮೂಲೆಯಲ್ಲಿ ಒದ್ದಾಡುವಾಗ "ಮೇಲಕ್ಕೆ, ಮೇಲಕ್ಕೆ" ಎಂದರೆ ಆ ಸುತ್ತು ರದ್ದು. "ಭಾರಿ ಆತು" ಎಂದು ಹುರಿದುಂಬಿಸಿದರೂ ಅಷ್ಟೆ. ಸೂಚನೆಯನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ, ಅಷ್ಟನ್ನೇ ಓದಬೇಕು. ನಮ್ಮ ಕಡೆಯವರಿಗೆ ಸಲಹೆ ಕೊಡದೆ ಕೂರುವ ತರಬೇತಿ ಬೇರೆಲ್ಲೂ ಸಿಗುವುದಿಲ್ಲ.

ಇಷ್ಟು ಅಗ್ಗದ ಸಾಮಾನು ಎಂದು ಮೂಗು ಮುರಿಯುವವರು ಹೆನ್ರಿ ಮೊಲೈಸನ್‌ನ ಕತೆ ಓದಬೇಕು. ಮೂರ್ಛೆರೋಗಕ್ಕೆಂದು 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವನಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನ ಮುಂದೆ ಇದೇ ಕನ್ನಡಿ, ಇದೇ ನಕ್ಷತ್ರ ಇಟ್ಟರು. ಮೂರು ದಿನದಲ್ಲಿ ಅವನ ಕೈ ಚೊಕ್ಕವಾಗಿ ಪಳಗಿತು, ಆದರೆ ಅದನ್ನು ಹಿಂದೆ ಮಾಡಿದ್ದೇ ಅವನಿಗೆ ಗೊತ್ತಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂದು ತೋರಿಸಿಕೊಟ್ಟದ್ದು ಈ ತಗಡು ಮತ್ತು ಪೆನ್ಸಿಲ್ಲೇ.

ಗಣಿತದ ವಿಷಯಕ್ಕೆ ಬರೋಣ. ಸರಾಸರಿ, ಮಧ್ಯಾಂಕ, ಬಹುಲಕ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಶನ್ ಇವು ತಪ್ಪಿಸಿಕೊಳ್ಳಲಾಗದ ಸಾಲಗಾರರು. ಆದರೆ ರೆಕಾರ್ಡುಗಳಲ್ಲಿ ಲೆಕ್ಕ ಕೆಡುವುದು ದೊಡ್ಡ ಸೂತ್ರದಲ್ಲಲ್ಲ, ಗಡಿಯಾರದಲ್ಲಿ. ಒಂದು ನಿಮಿಷ 45 ಸೆಕೆಂಡನ್ನು 1.45 ಎಂದೂ ಎರಡು ನಿಮಿಷ 15 ಸೆಕೆಂಡನ್ನು 2.15 ಎಂದೂ ಬರೆದು ಕ್ಯಾಲ್ಕುಲೇಟರಿಗೆ ಕೊಟ್ಟರೆ ಸರಾಸರಿ 1.80 ಬರುತ್ತದೆ. ಒಂದು ನಿಮಿಷ 80 ಸೆಕೆಂಡು! ಮೊದಲೇ 105, 135 ಎಂದು ಸೆಕೆಂಡಿಗೆ ಇಳಿಸಿದ್ದರೆ ಸರಿಯಾಗಿ 120. ಇದನ್ನು ಹಿಡಿಯದೆ ಬಿಟ್ಟರೆ ಮುಂದಿನ ಡೀವಿಯೇಶನ್, ಗ್ರಾಫ್, ಚರ್ಚೆ ಎಲ್ಲವೂ ಅದೇ ಕೆಟ್ಟ ಅಡಿಪಾಯದ ಮೇಲೆ ನೀಟಾಗಿ ಅಂಡರ್‌ಲೈನ್ ಆಗಿ ನಿಲ್ಲುತ್ತವೆ.

ಮ್ಯೂಲರ್-ಲಯರ್ ಹಲಗೆಯದು ಬೇರೆ ಸ್ವಾರಸ್ಯ. ಬಾಣದ ತುದಿಗಳು ಒಳಕ್ಕೆ ಬಾಗಿದ ಗೆರೆ ಗಿಡ್ಡ, ಹೊರಕ್ಕೆ ಚಾಚಿದ್ದು ಉದ್ದ ಕಾಣುವ ಭ್ರಮೆ, 1889ರದು. ಜಾರುವ ಪಟ್ಟಿಯನ್ನು ಸರಿಸಿ ಎರಡೂ ಸಮ ಅನ್ನಿಸಿದಲ್ಲಿ ನಿಲ್ಲಿಸಬೇಕು, ಹಿಂಬದಿಯ ಅಳತೆಪಟ್ಟಿಯಲ್ಲಿ ಮಿಲಿಮೀಟರ್ ಓದಬೇಕು. ಅರ್ಧ ಸಲ ಉದ್ದದಿಂದ ಗಿಡ್ಡಕ್ಕೆ, ಅರ್ಧ ಸಲ ಗಿಡ್ಡದಿಂದ ಉದ್ದಕ್ಕೆ. ಅರ್ಧ ಸಲ ಜಾರುವ ಪಟ್ಟಿ ಎಡಕ್ಕೆ ಬರುವಂತೆ ಹಲಗೆ, ಅರ್ಧ ಸಲ ಬಲಕ್ಕೆ. ಇಲ್ಲದಿದ್ದರೆ ಕೈಯ ಚಾಳಿಯನ್ನೇ ಕಣ್ಣಿನ ಭ್ರಮೆ ಎಂದು ಅಳೆದಂತಾಗುತ್ತದೆ. ಎರಡೂ ಸಮ ಎಂದು ಗೊತ್ತಿದ್ದರೂ ಭ್ರಮೆ ಹೋಗುವುದಿಲ್ಲ ಎಂಬುದೇ ಇದರ ಸೊಗಸು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಮನೋವಿಜ್ಞಾನಿ ಡಬ್ಲ್ಯು.ಎಚ್.ಆರ್. ರಿವರ್ಸ್ ನೀಲಗಿರಿಗೆ ಬಂದು ಅಲ್ಲಿಯ ತೋಡ ಬುಡಕಟ್ಟಿನವರ ಕಣ್ಣಿಗೆ ಇದನ್ನೇ ತೋರಿಸಿದ. ಇಂಗ್ಲಿಷರಿಗಿಂತ ಅವರು ಕಮ್ಮಿ ಮೋಸ ಹೋದರು.

ನೆನಪಿನ ಪ್ರಯೋಗಕ್ಕೆ ಅರ್ಥವಿಲ್ಲದ ಪದಗಳು ಬೇಕು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಸುಮಾರು 2300 ತಯಾರು ಮಾಡಿಕೊಂಡು ತನ್ನ ಮೇಲೆಯೇ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ. ಕನ್ನಡದಲ್ಲಿ ಎರಡಕ್ಷರದ ಪಟ್ಟಿ ಮಾಡಲು ಕೂತರೆ ಕಷ್ಟ ತಿಳಿಯುತ್ತದೆ. ಕಣ್ಣು ಮುಚ್ಚಿ ಎರಡಕ್ಷರ ಜೋಡಿಸಿದರೂ ಅದು ಮರವೋ ಕಸವೋ ಆಗಿ ಕೂರುತ್ತದೆ. "ಙಠ", "ಛಘ" ಎಂದು ಬರೆದರೆ ಅರ್ಥವಿಲ್ಲ ನಿಜ, ಸಬ್ಜೆಕ್ಟಿಗೆ ನಗು ತಡೆಯದು. ನಕ್ಕ ಪದ ನೆನಪಿನಲ್ಲಿ ನಿಲ್ಲುತ್ತದೆ, ಪಟ್ಟಿ ಕೆಡುತ್ತದೆ. ಮೂರಕ್ಷರಕ್ಕೆ ಹೋಗಿ, ಪ್ರಾಸವಿಲ್ಲದಂತೆ ನೋಡಿಕೊಂಡು, ಪ್ರಯೋಗದಲ್ಲಿ ಇಲ್ಲದ ನಾಲ್ಕೈದು ಮಂದಿಗೆ ತೋರಿಸಿ "ಇದು ಏನನ್ನಾದರೂ ನೆನಪಿಸುತ್ತಾ" ಎಂದು ಕೇಳಿ, ಹೌದು ಎಂದದ್ದನ್ನು ಹೊಡೆದುಹಾಕುವುದೇ ದಾರಿ. ಎಬ್ಬಿಂಗ್‌ಹೌಸ್‌ಗೆ ಒಂದು ಗಂಟೆ ಬಿಟ್ಟು ಮತ್ತೆ ಕಲಿಯುವಾಗ ಸಿಕ್ಕ ಸಮಯದ ಉಳಿತಾಯ ಶೇ. 44, ಒಂದು ದಿನ ಬಿಟ್ಟು ಶೇ. 34 ಮಾತ್ರ. ಈ ಅಂಕಿಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವವರ ಧೈರ್ಯ ಮೆಚ್ಚಬೇಕು.

ಮನಸ್ಸಿನ ಕಾಯಿಲೆಗಳ ಪಾಠವಾದ ಅಪಸಾಮಾನ್ಯ ಮನೋವಿಜ್ಞಾನದ ಸೆಮಿಸ್ಟರ್ ಬಂದಾಗ ಹಾಸ್ಟೆಲಿನಲ್ಲಿ ಕಾಯಿಲೆ ಹರಡುತ್ತದೆ. ಎರಡು ಸಲ ಬೀಗ ನೋಡಿದವಳಿಗೆ ಓಸಿಡಿ ಎಂಬ ಗೀಳು ಕಾಯಿಲೆ, ಬೆಳಗ್ಗೆ ಏಳದವನಿಗೆ ಖಿನ್ನತೆ. ಖಿನ್ನತೆಗೆ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ ಇರಬೇಕು, ಅವುಗಳಲ್ಲಿ ಕುಗ್ಗಿದ ಮನಸ್ಸೋ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೋ ಒಂದು ಇರಲೇಬೇಕು, ಬದುಕು ನಿಜಕ್ಕೂ ಎಡವಿರಬೇಕು. ಅದನ್ನು ಹೇಳುವ ಅಧಿಕಾರ ಬಿ.ಎ.ಗೆ ಇಲ್ಲ. ಸೈಕಿಯಾಟ್ರಿಸ್ಟ್ ಆಗಲು ಎಂಬಿಬಿಎಸ್ ದಾರಿಯೇ ಬೇರೆ; ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಮಾನ್ಯ ಮಾಡಿದ ತರಬೇತಿ, ಅಲ್ಲಿ ನೋಂದಣಿ ಎರಡೂ ಆಗಬೇಕು. ಬಿ.ಎ. ವಿದ್ಯಾರ್ಥಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ನಿಜವಾಗಿ ಕಷ್ಟದಲ್ಲಿರುವ ಗೆಳೆಯನಿಗೆ ರೋಗದ ಹೆಸರು ಹೇಳದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಕೊಡುವುದು, ಇಲ್ಲವೇ ಜಿಲ್ಲಾಸ್ಪತ್ರೆಗೆ ಜತೆಗೆ ಹೋಗುವುದು. ಜಿಲ್ಲೆ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ಆಗ ಪಕ್ಕದ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲೇ. 1996ರ ರಾಷ್ಟ್ರೀಯ ಯೋಜನೆಗೆ ಮಾದರಿ ಅದು.

ಉಪಕರಣವೇ ಬೇಡದ ಪ್ರಯೋಗ ಅವಲೋಕನ. ಅದಕ್ಕೆ ಬೆಣ್ಣೆದೋಸೆ ಹೋಟೆಲಿಗಿಂತ ಒಳ್ಳೆಯ ಜಾಗ ಈ ಊರಿನಲ್ಲಿಲ್ಲ. ಭಾನುವಾರ ಬೆಳಗ್ಗೆ ಹೋಗಿ "ಜನ ಅವಸರದಲ್ಲಿದ್ದರು" ಎಂದು ಬರೆದುಕೊಂಡು ಬಂದರೆ ಅದು ಅವಲೋಕನವಲ್ಲ, ಅಭಿಪ್ರಾಯ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ಒಂದು ತೋಳಳತೆಯೊಳಗೆ ಬಂದು ನಿಲ್ಲುವುದು, ಒಲೆಯ ಕಡೆ ಕತ್ತು ಚಾಚುವುದು, ಸಪ್ಲೈಯರನ್ನು ಎರಡನೇ ಸಲ ಕೂಗುವುದು: ಹೀಗೆ ಕಣ್ಣಿಗೆ ಕಾಣುವಂತೆ ಮೊದಲೇ ನಿರ್ಧರಿಸಿಕೊಳ್ಳಬೇಕು. ಹತ್ತು ನಿಮಿಷವನ್ನು 30 ಸೆಕೆಂಡಿನ 20 ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಆ ವರ್ತನೆ ಕಂಡಿತೇ ಇಲ್ಲವೇ ಎಂದು ಗುರುತು ಹಾಕಬೇಕು. ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಿ, 17 ತುಂಡುಗಳಲ್ಲಿ ಒಮ್ಮತ ಬಂದರೆ ಶೇ. 85. ಅದಕ್ಕಿಂತ ಬಹಳ ಕಮ್ಮಿಯಾದರೆ ದೋಷ ಕಣ್ಣಿನದಲ್ಲ, ವ್ಯಾಖ್ಯೆಯದು. ಮಾಲೀಕರಿಗೆ ಮುಂಚೆಯೇ ಹೇಳಿ ಒಪ್ಪಿಗೆ ಪಡೆಯುವುದನ್ನು ಮರೆಯಬಾರದು. ಪುಸ್ತಕ ಹಿಡಿದು ಗಡಿಯಾರ ನೋಡಿ ಗೀಚುವ ಇಬ್ಬರನ್ನು ಕಂಡರೆ ಜಿಎಸ್‌ಟಿಯವರೆಂದು ತಿಳಿದು ದೋಸೆ ಬೇಗ ಬೇಗ ಬರತೊಡಗುತ್ತದೆ, ಬೆಣ್ಣೆಯೂ ಹೆಚ್ಚಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೂ ಮೊದಲ ಹದಿನೈದು ನಿಮಿಷ ಸುಮ್ಮನೆ ಕೂತು, ಸಪ್ಲೈಯರು ನಿಮ್ಮನ್ನು ಮರೆತು ಎಂದಿನಂತೆ ಗ್ಲಾಸನ್ನು ಟಪ್ಪೆಂದು ಇಡಲು ಶುರು ಮಾಡಿದ ಮೇಲೆ ಎಣಿಕೆ ಆರಂಭಿಸಿ.