ಬರೆಯ ಮೇಲಿನ ಒಟಿಪಿ

ನಮ್ಮೂರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಕಡೆ. ಶಾಲೆಯ ಹಿಂದಿನ ಬರೆ, ಅಂದರೆ ಗುಡ್ಡದ ಇಳಿಜಾರು, ಹತ್ತಿ, ಹಲಸಿನ ಮರದ ಬುಡದಲ್ಲಿ, ಮಡಿಕೇರಿಯ ಕಡೆ ಮುಖ ಮಾಡಿ ನಿಲ್ಲಬೇಕು. ಹೋದ ಮಳೆಗಾಲದಲ್ಲಿ ಅದೇ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಬಂದವರಿಗೆಲ್ಲ ಆಭಾ ಎಂಬ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆ. ಅದೊಂದಿದ್ದರೆ ನಿಮ್ಮ ರಕ್ತ, ಮೂತ್ರ, ಎಕ್ಸ್‌ರೇ ಎಲ್ಲವನ್ನೂ ದೇಶದ ಯಾವ ಮೂಲೆಯಲ್ಲಿ ಬೇಕಾದರೂ ತೆರೆದು ನೋಡಬಹುದು, ಆದರೆ ನೀವು ಒಪ್ಪಿದರೆ ಮಾತ್ರ ಎಂದು ಲ್ಯಾಪ್‌ಟಾಪಿನ ಹುಡುಗ ವಿವರಿಸಿದ.

‘ಕಡ್ಡಾಯವೇ?’ ಎಂದೆ.

‘ಇಲ್ಲ ಸಾರ್, ಐಚ್ಛಿಕ. ಅದಿಲ್ಲದವರಿಗೆ ಬಿಪಿ ನೋಡುವ ಚೀಟಿ ಕೊಡುವುದಿಲ್ಲ, ಅಷ್ಟೇ.’

ಲ್ಯಾಪ್‌ಟಾಪಿಗೆ ಶಾಲೆಯ ಇಂಟರ್ನೆಟ್ ಕೇಬಲ್ ಇತ್ತು. ಒಟಿಪಿ ಬರಬೇಕಾದ ಫೋನಿಗೆ ಬರೆಯೇ ಗತಿ. ನೆರೆಮನೆಯ ಅಜ್ಜಿಯ ಫೋನು ಹಿಡಿದು ಮೊಮ್ಮಗ ಮಳೆಯಲ್ಲೇ ಬರೆ ಹತ್ತಿದ. ‘ಬಂತು! ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿದೆ!’ ಎಂದು ಮೇಲಿನಿಂದ ಕೂಗಿದ. ‘ಅದಿರಲಿ, ನಂಬರ್ ಹೇಳು!’ ಎಂದು ಕೆಳಗಿನಿಂದ ಹುಡುಗ ಕೂಗಿದ. ಮಳೆಯ ಸದ್ದಿಗೆ ಕೇಳಿಸದೆ, ನಡುವೆ ಕೊಡೆ ಹಿಡಿದು ನಿಂತಿದ್ದ ತೋಟದ ಮೇಸ್ತ್ರಿ ಅಂಕಿಗಳನ್ನು ದಾಟಿಸತೊಡಗಿದರು. ನಾಲ್ಕನೆಯ ಅಂಕಿ ಏಳೋ ಎಂಟೋ ಎಂಬ ಸಂಶಯ ಬಂದಾಗ, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ‘ಎಂಟು, ಎಂಟು’ ಎಂದು ತಿದ್ದಿದರು. ಒಪ್ಪಿಗೆಯ ಪುಟವನ್ನು ಮಾತ್ರ ಯಾರೂ ಕೂಗಲಿಲ್ಲ. ಅಜ್ಜಿಯ ಪರವಾಗಿ ಹುಡುಗನೇ ಅದನ್ನು ಒತ್ತಿದ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾಗಿ ಆರು ವರ್ಷಕ್ಕೆ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮಾಹಿತಿ ಇಟ್ಟುಕೊಂಡವರ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಮತ್ತೆ 18 ತಿಂಗಳು. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳ 18ನೇ ದಿನಕ್ಕೆ ಮದ್ದುಸೊಪ್ಪು ಎಂಬ ಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಮದ್ದು ತುಂಬುತ್ತದೆ ಎಂಬ ನಂಬಿಕೆಯಿದೆ. ದೆಹಲಿಯ ಸೊಪ್ಪು ಬಲಿಯುವುದು ಸ್ವಲ್ಪ ನಿಧಾನ.

ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಒಪ್ಪಿಗೆಯ ಕೋರಿಕೆ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನಮಗೆ ಬೇಕಾದುದರಲ್ಲಿ ಸಿಗಬೇಕು. ಕೊಡವರ ಭಾಷೆ ಕೊಡವ ತಕ್ಕ್ ಆ ಪಟ್ಟಿಯಲ್ಲಿಲ್ಲ. ಅರೆಭಾಷೆಯೂ ಇಲ್ಲ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಎರವರ ಮಾತೂ ಇಲ್ಲ. ಹುಡುಗ ತಾನೇ ಒತ್ತಿದ್ದು ಈ ಭಾಷಾ ಸಮಸ್ಯೆಗೆ ಕಂಡುಕೊಂಡ ಪರಿಹಾರವಿರಬೇಕು.

ದಂಡದ ವಿಷಯ ಇನ್ನೂ ಸೊಗಸು. ಕಾವಲಿಲ್ಲದೆ ಮಾಹಿತಿ ಸೋರಿಸಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಅಂದರೆ ಸೋರಿದ್ದು ಅಜ್ಜಿಯ ಗುಟ್ಟು, ತುಂಬಿದ್ದು ಸರ್ಕಾರದ ಬೊಕ್ಕಸ. ಹಾಗೆಂದು ಅಜ್ಜಿಯನ್ನು ಕಾಯ್ದೆ ಮರೆತಿಲ್ಲ: ಹುರುಳಿಲ್ಲದ ದೂರು ಕೊಟ್ಟರೆ ಅವರಿಗೂ 10,000 ರೂಪಾಯಿಯವರೆಗೆ ದಂಡವಿದೆ.

ಮೊದಲೆಲ್ಲ ಸಂತೆಯಲ್ಲಿ ಒಣಮೀನು ಕೊಂಡರೆ ಯಾರದೋ ಥೈರಾಯ್ಡ್ ವರದಿಯಲ್ಲಿ ಸುತ್ತಿ ಕೊಡುತ್ತಿದ್ದರು. ಒಂದು ವರದಿಗೆ ಒಂದೇ ಪೊಟ್ಟಣ. ವಾಸನೆ ಒಂದು ಅಡುಗೆಮನೆಗೆ ಮುಗಿಯುತ್ತಿತ್ತು. ಈಗ ಒಂದೇ ವರದಿಯಲ್ಲಿ ಇಡೀ ಜಿಲ್ಲೆಯ ಮೀನು ಸುತ್ತಬಹುದು.

ಹೀಗೆ ಆಡಿಕೊಳ್ಳುವವನಿಗೂ ಸರದಿ ಬಂತು. ಕಳೆದ ತಿಂಗಳು ಪಟ್ಟಣದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದೆ. ವರದಿ ತರಲು ಹೋದ ಹೆಂಡತಿಯನ್ನು ‘ಗೌಪ್ಯತೆ ಮೇಡಂ, ಅವರೇ ಬರಬೇಕು’ ಎಂದು ಹಿಂದಕ್ಕೆ ಕಳುಹಿಸಿದರು. ಮೆಚ್ಚಿಕೊಂಡು ನಾನೇ ಹೋದೆ. ಆಧಾರ್ ತೋರಿಸಿದೆ. ಒಟಿಪಿ ಬೇಕೆಂದರು. ನೆಲಮಾಳಿಗೆಯ ಲ್ಯಾಬಿಗೆ ಸಿಗ್ನಲ್ ಎಲ್ಲಿಯದು? ‘ಒಟಿಪಿ ಬಾರದೆ ನೀವು ನೀವೇ ಎಂದು ಹೇಗೆ ನಂಬುವುದು ಸಾರ್?’ ಎಂದಳು ಆ ಹುಡುಗಿ. ನನ್ನಲ್ಲಿ ಉತ್ತರವಿರಲಿಲ್ಲ.

ಬರಿಗೈಯಲ್ಲಿ ಬಸ್ ನಿಲ್ದಾಣದ ಪಕ್ಕದ ಬೇಕರಿಗೆ ಬಂದು ಕಾಫಿ ಕೇಳಿದೆ. ಮಾಲೀಕರು ಸಕ್ಕರೆಯ ಚಮಚವನ್ನು ಡಬ್ಬಿಗೇ ವಾಪಸು ಹಾಕಿದರು.

‘ನಿಮಗೆ ಇನ್ನು ಇದು ಬೇಡ ಮಾರಾಯರೇ. ಮೂರು ತಿಂಗಳ ಸರಾಸರಿ 8.2 ಬಂದಿದೆಯಲ್ಲ!’

‘ನಿಮಗೆ ಯಾರು ಹೇಳಿದರು?’

ಅವರು ಫೋನು ತಿರುಗಿಸಿ ತೋರಿಸಿದರು. ಲ್ಯಾಬಿನವರ ವಾಟ್ಸ್‌ಆ್ಯಪ್ ಗುಂಪು. ವೈದ್ಯರು, ಮೆಡಿಕಲ್ ಶಾಪಿನವರು, ಆಟೋದವರು, ದಿನವೂ ಲ್ಯಾಬಿಗೆ ಬನ್ ಕೊಡುವ ಇವರು. ನನ್ನ ಹೆಸರು, ವಯಸ್ಸು, ಮನೆತನ ಸಮೇತ ವರದಿ ಬಹಳ ಸ್ಪಷ್ಟವಾಗಿತ್ತು.

‘ನನಗೂ ಒಂದು ಕಳುಹಿಸಿ’ ಎಂದೆ.

‘ಆಗಲೇ ಕಳುಹಿಸಿದೆ. ಬರೆ ಹತ್ತಿದಾಗ ನೋಡಿಕೊಳ್ಳಿ.’